ಧರೆಗೆ ತಾಗಿಸಿ ಕಟ್ಟಿದ ಕೋಣೆಯ ಬಗ್ಗೆ ಜಿಲ್ಲಾಧಿಕಾರಿಗಳಿಗೆ ಒಂದು ಪತ್ರ

ಚಿಕ್ಕಮಗಳೂರಿನ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ಹಾಗೇ ಘಟ್ಟದ ಮೇಲೆ ಮನೆ ಕಟ್ಟಿಕೊಂಡಿರುವ ನಮ್ಮವರೆಲ್ಲರಿಗೆ,

ನಮಸ್ಕಾರ.

ನಾನು ಮೂಡಿಗೆರೆ ತಾಲ್ಲೂಕಿನವನು. ಮನೆ ಕಟ್ಟಿಸುವ ಗುತ್ತಿಗೆದಾರ. ಈ ಕೆಲಸಕ್ಕೆ ಇಳಿದು ಮೂವತ್ತು ವರ್ಷಕ್ಕೆ ಹತ್ತಿರವಾಯಿತು. ನಮ್ಮ ಕಡೆ ಸಪಾಟು ಜಾಗ ಸಿಗೋದೇ ಕಷ್ಟ ಅಂತ ತಮಗೂ ಗೊತ್ತು. ಗುಡ್ಡ ಕಡಿದು ತಟ್ಟು ಮಾಡಬೇಕು. ಹಿಂದೆ ಧರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ, ನಿಲ್ಲುತ್ತದೆ, ಮುಂದೆ ತೋಟ ಕಾಣುತ್ತದೆ. ಜಾಗ ಉಳಿಯಲಿ ಅಂತ ಹಿಂದಿನ ಗೋಡೆಯನ್ನು ಧರೆಗೇ ತಾಗಿಸಿ ಎಬ್ಬಿಸುತ್ತೇವೆ. ಆ ಗೋಡೆಗೆ ಕಿಟಕಿ ಇರುವುದಿಲ್ಲ. ಅಂಥ ಕೋಣೆಗಳನ್ನು ನಾನು ಎಷ್ಟು ಕಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ನನ್ನ ಮನೆಯಲ್ಲೂ ಒಂದಿದೆ. ಮಳೆಗಾಲದಲ್ಲಿ ಬೆಚ್ಚಗಿರುತ್ತದೆ ಅಂತ ಅಪ್ಪನ ಹಾಸಿಗೆಯನ್ನು ಅಲ್ಲಿಗೇ ಹಾಕಿದ್ದೆವು. ಹನ್ನೊಂದು ಮಳೆಗಾಲ ಅವರು ಅಲ್ಲಿ ಮಲಗಿದ್ದಾರೆ.

ಅಪ್ಪ ಚೆನ್ನಾಗಿಯೇ ಇದ್ದಾರೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರಿಗೋ ಕಾಯಿಲೆ ಬಂತು, ಅದಕ್ಕೆ ಪರಿಹಾರ ಕೊಡಿ ಅಂತ ಕೇಳುವ ಪತ್ರ ಇದಲ್ಲ. ಇಂಥ ಕೋಣೆಗಳಲ್ಲಿ ನೆಲದಿಂದ ಬಂದು ಸೇರಿಕೊಳ್ಳುವ ರೇಡಾನ್ ಎಂಬ ಅನಿಲವನ್ನು ಅಳೆಯುವ ವ್ಯವಸ್ಥೆ ಮಾಡಿ ಅಂತ ಕೇಳುವ ಪತ್ರ.

ಎರಡು ವರ್ಷದ ಹಿಂದೆ ಮಗಳ ಬಾಣಂತನಕ್ಕೆ ಅಂತ ನಾನೂ ನನ್ನ ಹೆಂಡತಿಯೂ ಅಮೆರಿಕದ ಕೊಲೊರಾಡೊಗೆ ಹೋಗಿದ್ದೆವು. ಅದೂ ಬೆಟ್ಟದ ಸೀಮೆ. ಅಳಿಯ ಡೆನ್ವರ್ ಹತ್ತಿರ ಮನೆ ಕೊಂಡಿದ್ದಾನೆ. ಎಲ್ಲಿ ಹೋದರೂ ಮನೆಗಳ ಸುತ್ತ ತಿರುಗಿ ನೋಡುವುದು ನನ್ನ ಚಟ. ಅವರ ಮನೆಯ ಪಕ್ಕದ ಗೋಡೆಯಲ್ಲಿ ಬಿಳಿ ಪಿವಿಸಿ ಪೈಪೊಂದು ನೆಲದಿಂದ ಹೊರಟು ಮಾಡಿನ ಮೇಲಕ್ಕೆ ಹೋಗಿತ್ತು. ಮಧ್ಯದಲ್ಲಿ ಒಂದು ಫ್ಯಾನ್ ಗುಂಯ್ ಅನ್ನುತ್ತಿತ್ತು. ನಾವು ಶೌಚದ ಗುಂಡಿಗೆ ಗಾಳಿ ಪೈಪ್ ಇಡುತ್ತೇವಲ್ಲ, ಹಾಗೇ ಕಂಡಿತು. ‘ಏನಮ್ಮಾ, ಪಿಟ್ ಮನೆ ಕೆಳಗೇ ಇದೆಯಾ’ ಅಂತ ಕೇಳಿದೆ. ಮಗಳು ನಕ್ಕು, ‘ಇಲ್ಲಪ್ಪಾ, ಅದು ರೇಡಾನ್‌ಗೆ’ ಅಂದಳು.

ಆ ಹೆಸರು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಅಳಿಯ ನೆಲಮಾಳಿಗೆಗೆ ಕರೆದುಕೊಂಡು ಹೋಗಿ ತೋರಿಸಿದ. ಪೈಪಿನ ಮೈಗೆ ಯು ಆಕಾರದ ಸಣ್ಣ ಕೊಳವೆ ಕಟ್ಟಿದ್ದರು. ಅದರಲ್ಲಿ ಬಣ್ಣದ ದ್ರವ. ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ ಇದ್ದರೆ ಪೈಪ್ ನೆಲದಡಿಯ ಗಾಳಿ ಎಳೆಯುತ್ತಿದೆ. ಎರಡೂ ಸಮ ಆದರೆ ಫ್ಯಾನ್ ಕೆಟ್ಟಿದೆ. ನಮ್ಮ ಮೇಸ್ತ್ರಿಗಳ ಟ್ಯೂಬ್ ಲೆವೆಲ್ ಇದ್ದ ಹಾಗೇ ಇದೆ ಅಲ್ವಾ ಅನ್ನಿಸಿತು. ಇಷ್ಟು ಸರಳ ವಸ್ತುವನ್ನು ನೋಡಲು ನಾನು ಅಷ್ಟು ದೂರ ಹೋಗಬೇಕಾಯಿತು.

ಆ ರಾಜ್ಯದಲ್ಲಿ ಸುಮಾರು ಅರ್ಧದಷ್ಟು ಮನೆಗಳಲ್ಲಿ ರೇಡಾನ್ ಅಮೆರಿಕ ಸರ್ಕಾರ ಹಾಕಿದ ಗೆರೆಗಿಂತ ಜಾಸ್ತಿ ಇದೆ ಅಂತ ಅಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದೆ. 2023ರಲ್ಲಿ ಒಂದು ಕಾನೂನು ಮಾಡಿದರು. ಮನೆ ಮಾರುವವರು, ಬಾಡಿಗೆಗೆ ಕೊಡುವವರು ತಮಗೆ ಗೊತ್ತಿರುವ ರೇಡಾನ್ ಅಂಕಿಯನ್ನು ಬರೆದು ಕೊಡಬೇಕು. ಅದರಿಂದ ಮನೆ ವ್ಯಾಪಾರವೇನೂ ನಿಂತಿಲ್ಲ. ಅಳತೆ ಜಾಸ್ತಿ ಬಂದರೆ ಪೈಪ್ ಹಾಕಿಸುತ್ತಾರೆ, ಮನೆ ಮಾರುತ್ತಾರೆ.

ಇನ್ನು ರೇಡಾನ್ ಅಂದರೆ ಏನು ಅಂತ ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಅದೊಂದು ಅನಿಲ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಕಲ್ಲು ಮಣ್ಣಿನಲ್ಲಿ ಎಲ್ಲ ಕಡೆ ಒಂದಿಷ್ಟು ಯುರೇನಿಯಂ ಇದ್ದೇ ಇರುತ್ತದೆ. ಒಂದು ಟನ್ ಗ್ರಾನೈಟ್‌ನಲ್ಲಿ ಕೆಲವು ಗ್ರಾಂ ಅನ್ನಿ. ಅದು ತಾನಾಗೇ ನಿಧಾನವಾಗಿ ಒಡೆಯುತ್ತಾ ಹಲವು ಹಂತ ದಾಟಿ ರೇಡಿಯಂ ಆಗುತ್ತದೆ. ರೇಡಿಯಂ ಒಡೆದು ರೇಡಾನ್ ಆಗುತ್ತದೆ. ಅಲ್ಲಿಯವರೆಗೆ ಎಲ್ಲ ಗಟ್ಟಿ ವಸ್ತು, ಕಲ್ಲಿನೊಳಗೇ ಕೂತಿರುತ್ತದೆ. ರೇಡಾನ್ ಅನಿಲವಾದ್ದರಿಂದ ಮಣ್ಣಿನ ಸಂದಿಯಲ್ಲಿ ನುಸುಳಿ ಮೇಲೆ ಬರುತ್ತದೆ. ಇರುವುದರಲ್ಲಿ ಅರ್ಧ ಒಡೆದು ಹೋಗಲು 3.8 ದಿನ ಬೇಕು. ನೆಲದ ಒಂದು ಬಿರುಕು ಹುಡುಕಿಕೊಂಡು ಮನೆಯೊಳಗೆ ಬರಲು ಅಷ್ಟು ಹೊತ್ತು ಧಾರಾಳ ಆಯಿತು. ಒಳಗೆ ಬಂದು ಒಡೆದಾಗ ಪೊಲೋನಿಯಂ ಮುಂತಾದ ಕಣಗಳು ಹುಟ್ಟುತ್ತವೆ. ಅವು ದೂಳಿಗೆ, ಹೊಗೆಗೆ ಅಂಟಿಕೊಂಡು ಉಸಿರಿನ ಜತೆ ಒಳಗೆ ಹೋಗುತ್ತವೆ. ಶ್ವಾಸಕೋಶದಲ್ಲಿ ಕೂತು ಆಲ್ಫಾ ಅನ್ನುವ ವಿಕಿರಣದ ಕಣಗಳನ್ನು ಹಾರಿಸಿ ಅಲ್ಲಿನ ಜೀವಕೋಶಗಳಿಗೆ ಹಾನಿ ಮಾಡುತ್ತವೆ. ಆಲ್ಫಾ ಕಣವನ್ನು ತಡೆಯಲು ಒಂದು ಹಾಳೆ ಕಾಗದ ಸಾಕು. ಆದರೆ ಶ್ವಾಸಕೋಶದ ಒಳಗೆ ಕಾಗದ ಎಲ್ಲಿಂದ ತರುವುದು?

ಬಯಲಿನಲ್ಲಿ ಇದರಿಂದ ತೊಂದರೆ ಇಲ್ಲ. ಗಾಳಿಯಲ್ಲಿ ಬೆರೆತು ತೆಳ್ಳಗಾಗುತ್ತದೆ. ಬಿಗಿಯಾದ ಮನೆಯೊಳಗೆ ಸೇರಿಕೊಂಡಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹೊರಗೆ ಥಂಡಿ, ಒಳಗೆ ಬಿಸಿ ಇದ್ದಾಗ ಮನೆಯ ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ. ಅದರ ಜಾಗ ತುಂಬಲು ಕೆಳಗಿನಿಂದ ಗಾಳಿ ಎಳೆಯುತ್ತದೆ. ಬಚ್ಚಲ ಒಲೆ ಚೆನ್ನಾಗಿ ಹತ್ತಿಕೊಂಡಾಗ ಕೆಳಗಿನ ಬಾಯಿಂದ ಗಾಳಿ ಎಳೆಯುವ ಹಾಗೆ. ಹಾಗೆ ಬರುವ ಗಾಳಿಯಲ್ಲಿ ಒಂದಿಷ್ಟು ನೆಲದ ಬಿರುಕು, ಪೈಪ್ ತೂರಿಸಿದ ತೂತು, ಗೋಡೆ ಮತ್ತು ನೆಲ ಸೇರುವ ಸಂದು, ಇಲ್ಲಿಂದಲೇ ಬರುತ್ತದೆ.

ಇದನ್ನು ಕೇಳಿದಾಗ ನನಗೆ ನಮ್ಮ ಅಜ್ಜನ ಮನೆ ನೆನಪಾಯಿತು. ನಾಡಹೆಂಚಿನ ಮನೆ, ಮಣ್ಣಿನ ನೆಲ. ಬೆಳಿಗ್ಗೆ ಒಲೆ ಹಚ್ಚಿದರೆ ಹೆಂಚಿನ ಸಂದಿಯಿಂದ ಹೊಗೆ ಏಳುತ್ತಿತ್ತು. ದೂರದಿಂದ ನೋಡಿದವರಿಗೆ ಮಾಡಿಗೇ ಬೆಂಕಿ ಬಿದ್ದಿದೆಯೇನೋ ಅನ್ನಿಸಬೇಕು. ಹೊಗೆ ಹೋದ ದಾರಿಯಲ್ಲೇ ರೇಡಾನ್ ಕೂಡ ಹೋಗುತ್ತಿತ್ತು. ಆಮೇಲೆ ನಾವು ಗುತ್ತಿಗೆದಾರರು ಬಂದು ಮೇಲೆ ಆರ್‌ಸಿಸಿ ಹಾಕಿದೆವು. ಯುಪಿವಿಸಿ ಕಿಟಕಿಗೆ ರಬ್ಬರ್ ಬೀಡಿಂಗ್ ಕೂರಿಸಿದೆವು. ಒಂದು ತೊಟ್ಟು ನೀರು, ಒಂದು ಸೊಳ್ಳೆ ಬರಬಾರದು ಅಂತ ಗಿರಾಕಿಗಳು ಕೇಳಿದರು, ಕೊಟ್ಟೆವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ತೆರೆಯುವವರೇ ಇಲ್ಲ. ಕೆಲಸದಲ್ಲಿ ನಾನೇನೂ ಮೋಸ ಮಾಡಿಲ್ಲ. ಆದರೆ ಗಾಳಿ ಹೋಗುವ ದಾರಿ ಮುಚ್ಚಿ, ಬರುವ ದಾರಿ ಹಾಗೇ ಬಿಟ್ಟೆ.

ಅಳತೆಯ ಮಾತಿಗೆ ಬರುತ್ತೇನೆ. ಒಂದು ಘನ ಮೀಟರ್ ಗಾಳಿಯಲ್ಲಿ ಸೆಕೆಂಡಿಗೆ ಎಷ್ಟು ರೇಡಾನ್ ಪರಮಾಣು ಒಡೆಯುತ್ತವೆ ಅನ್ನುವುದೇ ಬೆಕರೆಲ್ ಲೆಕ್ಕ. ಹೊರಗಿನ ಗಾಳಿಯಲ್ಲಿ ಸಾಮಾನ್ಯವಾಗಿ 5ರಿಂದ 15 ಬೆಕರೆಲ್ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗೆ 100 ಬೆಕರೆಲ್ ಅಂತ ಗೆರೆ ಹಾಕಿತು. ಅದು ಆಗದ ಕಡೆ 300 ದಾಟಬಾರದು ಅಂದಿತು. ಅಮೆರಿಕದ ಗೆರೆ 148. ಬ್ರಿಟನ್ನಿನದು 200. ಆಲ್ಪ್ಸ್ ಬೆಟ್ಟದ ಸ್ವಿಟ್ಜರ್‌ಲೆಂಡ್ 2018ರಿಂದ 300 ಇಟ್ಟುಕೊಂಡಿದೆ. ಗೆರೆ ಬೇರೆ ಬೇರೆ ಇರುವುದಕ್ಕೆ ಕಾರಣ ಇದೆ. ಇಷ್ಟರ ಕೆಳಗೆ ಅಪಾಯವೇ ಇಲ್ಲ ಅನ್ನುವ ಒಂದು ಮಿತಿ ಇಲ್ಲ. ವರ್ಷಗಟ್ಟಲೆ ಉಸಿರಾಡುವ ಗಾಳಿಯಲ್ಲಿ ಪ್ರತಿ 100 ಬೆಕರೆಲ್ ಜಾಸ್ತಿಯಾದ ಹಾಗೆ ಶ್ವಾಸಕೋಶದ ಕ್ಯಾನ್ಸರ್‌ನ ಅಪಾಯ ಸುಮಾರು 16 ಪ್ರತಿಶತ ಏರುತ್ತದೆ. ದೇಶದಿಂದ ದೇಶಕ್ಕೆ ಬೇರೆಯಾದರೂ, ಶ್ವಾಸಕೋಶದ ಕ್ಯಾನ್ಸರ್‌ಗಳಲ್ಲಿ 3ರಿಂದ 14 ಪ್ರತಿಶತ ರೇಡಾನ್‌ನಿಂದ ಬರುತ್ತವೆ ಅಂತ ಅದೇ ಸಂಸ್ಥೆಯ ಅಂದಾಜು. ಇದು ಇವತ್ತಿನ ಗುಲ್ಲಲ್ಲ. ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ರೇಡಾನ್ ಸೇರಿದ್ದು 1988ರಲ್ಲಿ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಬೀಡಿ ಸಿಗರೇಟು ಸೇದುವವರಿಗೆ ರೇಡಾನ್‌ನಿಂದ ಬರುವ ಅಪಾಯ ಸೇದದವರಿಗಿಂತ ಸುಮಾರು 25 ಪಟ್ಟು ಜಾಸ್ತಿ. ಇದನ್ನು ಓದಿದಾಗ ನನಗೆ ಕಣ್ಣ ಮುಂದೆ ಬಂದದ್ದು ಎಸ್ಟೇಟಿನ ಕೂಲಿಯವರು ಇರುವ ಲೈನ್ ಮನೆಗಳು. ಹತ್ತು ಬೈ ಹತ್ತರ ಕೋಣೆ, ಒಂದೇ ಕಿಟಕಿ, ಅದಕ್ಕೂ ಗೋಣಿಚೀಲ. ತೆಳ್ಳಗೆ ಎಳೆದ ಸಿಮೆಂಟ್ ನೆಲ ಎರಡೇ ವರ್ಷಕ್ಕೆ ಬಿರುಕು ಬಿಡುತ್ತದೆ. ಒಳಗೇ ಸೌದೆ ಒಲೆ. ಸಂಜೆ ಕೆಲಸ ಮುಗಿಸಿ ಬಂದು ಒಲೆ ಮುಂದೆ ಕೂತು ಬೀಡಿ. ಅವರಿಗೆ ಕೆಮ್ಮು ಬಂದರೆ ನಾವು ಬೀಡಿಯನ್ನೇ ಬೈಯುತ್ತೇವೆ. ಬೈಯಬೇಕಾದ್ದೇ. ಆದರೆ ನೆಲವನ್ನೂ ಸ್ವಲ್ಪ ನೋಡಬೇಕು. ಆ ನೆಲ ಹಾಕಿಸಿದವರು ಅವರಲ್ಲ.

ಬೆಟ್ಟ ಎತ್ತರ ಇದೆ ಅಂತ ರೇಡಾನ್ ಜಾಸ್ತಿ ಆಗುವುದಿಲ್ಲ. ಇದನ್ನು ತಪ್ಪು ತಿಳಿಯುವವರು ಜಾಸ್ತಿ. ಮುಳ್ಳಯ್ಯನಗಿರಿ ಹತ್ತಿದ ಹಾಗೆ ಏರುವುದು ಆಕಾಶದಿಂದ ಬರುವ ಕಾಸ್ಮಿಕ್ ಕಿರಣ, ಅದರ ಕಥೆ ಬೇರೆ. ರೇಡಾನ್ ನಿರ್ಧಾರವಾಗುವುದು ಕಾಲಡಿಯ ಕಲ್ಲಿನಿಂದ, ಮಣ್ಣು ಎಷ್ಟು ಸಡಿಲ ಅನ್ನುವುದರಿಂದ, ಮನೆ ಕಟ್ಟಿದ ರೀತಿಯಿಂದ. ಚಿಕ್ಕಮಗಳೂರು ಹಾಸನ ಎರಡೂ ಜಿಲ್ಲೆಯ ಬಹುಭಾಗ ನಿಂತಿರುವುದು ಗ್ನೈಸ್ ಕಲ್ಲಿನ ಮೇಲೆ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು. ಬಾಬಾಬುಡನ್ ಗಿರಿಯಲ್ಲಿ ಕಬ್ಬಿಣದ ಅದಿರು ಇರುವುದು ಎಲ್ಲರಿಗೂ ಗೊತ್ತು. ಅದೇ ಶಿಲಾಸಮೂಹದ ತಳದಲ್ಲಿ ಬೆಣಚಿನ ಉರುಟುಗಲ್ಲು ಸೇರಿ ಗಟ್ಟಿಯಾದ ಪದರವಿದೆ. ಅದರಲ್ಲಿ ಯುರೇನಿಯಂ ಇರುವುದನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಹಾಗಂತ ಗಿರಿ ಕಡೆಯ ಮನೆಗಳೆಲ್ಲ ಅಪಾಯ ಅಂತ ಯಾರೂ ಹೊರಡಬಾರದು. ಪಕ್ಕಪಕ್ಕದ ಎರಡು ಮನೆಯಲ್ಲೇ ಅಂಕಿ ಬೇರೆ ಬೇರೆ ಇರುತ್ತದೆ. ಒಂದು ಮನೆ ನೋಡಿ ಇನ್ನೊಂದರ ಭವಿಷ್ಯ ಹೇಳಲು ಆಗುವುದಿಲ್ಲ.

ಹಾಗೇ ಅಡುಗೆಮನೆಯ ಗ್ರಾನೈಟ್ ಕಟ್ಟೆಯನ್ನು ಕಿತ್ತು ಹಾಕಬೇಡಿ. ನನಗೆ ಈಗಾಗಲೇ ಇಬ್ಬರು ಫೋನ್ ಮಾಡಿ ಕೇಳಿದ್ದಾರೆ. ಆ ಚಪ್ಪಡಿಯಿಂದ ಬರುವ ರೇಡಾನ್ ನೆಲದಿಂದ ಬರುವುದರ ಮುಂದೆ ಬಹಳ ಕಡಿಮೆ. ಶ್ರವಣಬೆಳಗೊಳದ ಗೊಮ್ಮಟ ಸಾವಿರ ವರ್ಷದಿಂದ ಇಡೀ ಗ್ರಾನೈಟ್ ಬೆಟ್ಟದ ಮೇಲೇ ನಿಂತಿದ್ದಾನೆ. ಅವನಿಗೆ ಸೂರೂ ಇಲ್ಲ, ಕಿಟಕಿ ಬಾಗಿಲೂ ಇಲ್ಲ. ರೇಡಾನ್ ಅಲ್ಲಿ ನಿಲ್ಲುವುದಾದರೂ ಎಲ್ಲಿ!

ಊರಿಗೆ ಬಂದ ಮೇಲೆ ನಾನು ಸುಮ್ನೆ ಕೂರಲಿಲ್ಲ. ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಅನ್ನುವುದು ಬೇಡ. ‘ಮನೆಯಲ್ಲಿ ರೇಡಾನ್ ಅಳೆಯಬೇಕು, ಎಲ್ಲಿ ಕೇಳಬೇಕು’ ಅಂದೆ. ಅಲ್ಲಿದ್ದವರು ‘ರೇಡಾರಾ? ಅದು ಮಿಲಿಟರಿಯವರದ್ದಲ್ವಾ’ ಅಂದರು. ಇನ್ನೊಂದು ಕಡೆ, ಧರೆ ಅನ್ನುವ ಶಬ್ದ ಕೇಳಿದ ಕೂಡಲೇ ಭೂಕುಸಿತದ ಅರ್ಜಿ ಫಾರಂ ಕೊಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಎರಡು ವರ್ಷದ ಹಿಂದೆ ನಾನೂ ಪಿಟ್ ಪೈಪ್ ಅಂದುಕೊಂಡವನೇ.

ಕೊನೆಗೆ ಮಗಳು ಬರುವಾಗ ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಮೀಟರ್ ತಂದು ಕೊಟ್ಟಳು. ಹಿಂದಿನ ಕೋಣೆಯಲ್ಲಿ ಒಂದು ತಿಂಗಳು, ಮುಂದಿನ ಹಾಲ್‌ನಲ್ಲಿ ಒಂದು ತಿಂಗಳು ಇಟ್ಟೆ. ಹಿಂದಿನ ಕೋಣೆಯ ಅಂಕಿ ಹಾಲ್‌ಗಿಂತ ಜಾಸ್ತಿ ಬಂತು. ಬಾಗಿಲು ತೆರೆದು ಫ್ಯಾನ್ ಹಾಕಿದ ದಿನ ಇಳಿಯಿತು, ಮುಚ್ಚಿದರೆ ಮತ್ತೆ ಏರಿತು. ಎಷ್ಟು ಬಂತು ಅಂತ ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ. ಒಂದು ಮನೆಯ, ಒಂದು ಮೀಟರಿನ ಅಂಕಿ ಹಿಡಿದು ಜನ ಇಡೀ ತಾಲ್ಲೂಕಿಗೆ ಬಳಿಯುತ್ತಾರೆ. ನಾಳೆ ಬೆಳಿಗ್ಗೆ ಅದೇ ಮೊಬೈಲ್‌ಗಳಲ್ಲಿ ಓಡಾಡುತ್ತದೆ. ನಾನು ಕೇಳುತ್ತಿರುವುದು ನಂಬಿಕೆಗೆ ಅರ್ಹವಾದ ಅಳತೆ, ತುಂಬಾ ಮನೆಗಳಲ್ಲಿ, ವರ್ಷವಿಡೀ.

ಅದೇನು ದೊಡ್ಡ ಯಂತ್ರದ ಕೆಲಸವಲ್ಲ. ಸಣ್ಣ ಪ್ಲಾಸ್ಟಿಕ್ ಡಬ್ಬಿ, ಒಳಗೆ ಒಂದು ಫಿಲ್ಮ್ ತುಂಡು. ನಮ್ಮ ದೇಶದಲ್ಲಿ ಎಲ್‌ಆರ್-115 ಅನ್ನುವ ಫಿಲ್ಮನ್ನು ಜಾಸ್ತಿ ಬಳಸುತ್ತಾರೆ. ಅದನ್ನು ಇಡುವ ಡಬ್ಬಿಯನ್ನು ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದವರೇ ರೂಪಿಸಿದ್ದಾರೆ. ಮಲಗುವ ಕೋಣೆಯಲ್ಲಿ ಗೋಡೆಯಿಂದ ಸ್ವಲ್ಪ ದೂರ ತೂಗು ಹಾಕಿದರೆ ಆಯಿತು. ಕರೆಂಟ್ ಬೇಡ, ಸದ್ದಿಲ್ಲ. ಆಲ್ಫಾ ಕಣ ಬಿದ್ದಲ್ಲೆಲ್ಲ ಫಿಲ್ಮ್ ಮೇಲೆ ಗುರುತು ಬೀಳುತ್ತದೆ. ಮೂರು ತಿಂಗಳು ಬಿಟ್ಟು ತೆಗೆದು, ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ತೊಳೆದು, ಗುರುತು ಎಣಿಸುತ್ತಾರೆ. ಬಚ್ಚಲು, ಅಡುಗೆಮನೆ, ಕಿಟಕಿ ಪಕ್ಕ ಇಡಬಾರದು. ಎರಡು ಮೂರು ದಿನದಲ್ಲಿ ಅಳೆಯುವ ಇದ್ದಿಲಿನ ಡಬ್ಬಿಗಳೂ ಇವೆ. ಆದರೆ ರೇಡಾನ್ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಕಿಟಕಿ ಮುಚ್ಚಿದ ಮಳೆಗಾಲಕ್ಕೂ ತೆರೆದಿಟ್ಟ ಏಪ್ರಿಲ್‌ಗೂ ಅಜಗಜಾಂತರ. ಒಂದು ವಾರದ ಅಂಕಿ ನಂಬಿ ಪೈಪ್ ಹಾಕುವುದೂ ತಪ್ಪು, ನಿರಾಳ ಆಗುವುದೂ ತಪ್ಪು.

ತಿಳಿದವರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಚಾರ್ಮಾಡಿ ಇಳಿದು ಹೋದರೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರದ ವಿಕಿರಣವನ್ನೇ ಅಭ್ಯಾಸ ಮಾಡುವ ಕೇಂದ್ರವಿದೆ. ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರದವರು ಬಹಳ ವರ್ಷಗಳಿಂದ ಮನೆಗಳ ರೇಡಾನ್ ಅಳೆಯುತ್ತಿದ್ದಾರೆ. ಕುವೆಂಪು ವಿಶ್ವವಿದ್ಯಾಲಯದವರು ಹಾಸನ ಜಿಲ್ಲೆಯ ಕುಡಿಯುವ ನೀರಿನಲ್ಲಿ ರೇಡಾನ್ ಅಳೆದಿದ್ದಾರೆ. ನೀರಿನ ಮಾತು ಬಂತು ಅಂತ ಹೇಳುತ್ತೇನೆ, ಆಳದ ಬೋರ್‌ವೆಲ್ ನೀರು ನೇರ ಬಂಡೆಯಿಂದ ಬರುವುದರಿಂದ ಅದರಲ್ಲಿ ರೇಡಾನ್ ಕರಗಿರುತ್ತದೆ. ಟ್ಯಾಂಕಿಗೆ ಏರಿಸಿ ಒಂದೆರಡು ದಿನ ಬಿಟ್ಟರೆ ಒಂದಿಷ್ಟು, ಕುದಿಸಿದರೆ ಬಹುಪಾಲು ಹೊರಟು ಹೋಗುತ್ತದೆ. ಅದಕ್ಕೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಉಸಿರಾಡುವ ಗಾಳಿಯೇ ಮುಖ್ಯ.

ಇಷ್ಟು ಅನುಭವ ಇರುವವರು ಇದ್ದೂ, ಅವರ ಅಳತೆ ಸಂಶೋಧನಾ ಪತ್ರಿಕೆಗಳಲ್ಲಿ ಉಳಿದಿದೆ. ನನ್ನಂಥವನು ‘ನನ್ನ ಮನೆ ಅಳೆದುಕೊಡಿ’ ಅಂತ ಹೋಗಿ ನಿಲ್ಲಲು ಒಂದು ಕಿಟಕಿ ಸಿಗಲಿಲ್ಲ. ಆ ಕಿಟಕಿಯನ್ನು ತಾವು ತೆರೆಯಬೇಕು. ವಿಶ್ವವಿದ್ಯಾಲಯದವರನ್ನು ಕರೆದು ಮಾತಾಡಿ. ಘಟ್ಟದ ಕಡೆಯ ತಾಲ್ಲೂಕುಗಳಲ್ಲಿ, ಮೂಡಿಗೆರೆ, ಕೊಪ್ಪ, ಶೃಂಗೇರಿ, ಎನ್.ಆರ್. ಪುರದಲ್ಲಿ ಮೊದಲು ಡಬ್ಬಿ ತೂಗಿಸಿ. ಸಕಲೇಶಪುರದವರ ಧರೆಯೂ ನಮ್ಮದರ ಹಾಗೇ ಇರುವುದರಿಂದ ಹಾಸನದ ಜಿಲ್ಲಾಧಿಕಾರಿಗಳ ಜತೆಗೂ ಒಂದು ಮಾತು ಆಡಿ. ಅಂಗನವಾಡಿ, ಸರ್ಕಾರಿ ಹಾಸ್ಟೆಲ್, ಲೈನ್ ಮನೆ ಮೊದಲು. ಡಬ್ಬಿ ತೂಗು ಹಾಕುವುದು, ತಾರೀಕು ಬರೆಯುವುದು, ವಾಪಸ್ ತರುವುದು ನಮ್ಮ ಹೈಸ್ಕೂಲ್ ಮಕ್ಕಳ ಕೈಯಲ್ಲೇ ಆಗುವ ಕೆಲಸ. ಮನೆಯವರಿಗೆ ಅವರವರ ಅಂಕಿಯನ್ನು ಕನ್ನಡದಲ್ಲಿ ಬರೆದು ಕೊಡಿ. ಊರಿನ ಹೆಸರು ಹಾಕಿ ಪೇಪರಿಗೆ ಕೊಡುವ ಮೊದಲು ಮನೆಯವರಿಗೆ.

ಹೋಂಸ್ಟೇ ನಡೆಸುವ ಸ್ನೇಹಿತರು ನನ್ನ ಮೇಲೆ ಈಗಲೇ ಮುನಿಸಿಕೊಂಡಿದ್ದಾರೆ. ‘ಮಳೆ, ಆನೆ, ರಸ್ತೆ, ಇಷ್ಟು ಸಾಲದಾ, ನೀನೊಬ್ಬ ಬಾಕಿ ಇದ್ದೆ’ ಅಂದರು. ಅವರಿಗೆ ನನ್ನ ಉತ್ತರ ಇಷ್ಟೇ. ಎರಡು ರಾತ್ರಿ ಇದ್ದು ಹೋಗುವ ಬೆಂಗಳೂರಿನವರು ಚಿಂತೆ ಮಾಡುವಂಥದ್ದು ಇದರಲ್ಲಿ ಏನೂ ಇಲ್ಲ. ಇದು ಹತ್ತು ಇಪ್ಪತ್ತು ವರ್ಷ ಅದೇ ಕೋಣೆಯಲ್ಲಿ ಮಲಗುವವರ ಲೆಕ್ಕ. ಅಂದರೆ ನಿಮ್ಮ ಮನೆಯವರದು, ನಿಮ್ಮ ಅಡುಗೆಯವಳದು.

ಮನೆಯೊಳಗಿನ ರೇಡಾನ್ ಅಮೆರಿಕದಲ್ಲಿ ಜನರ ಗಮನಕ್ಕೆ ಹೇಗೆ ಬಂತು ಅನ್ನುವುದೂ ಸ್ವಾರಸ್ಯವಾಗಿದೆ. 1984ರ ಡಿಸೆಂಬರ್‌ನಲ್ಲಿ ಪೆನ್ಸಿಲ್ವೇನಿಯಾದ ಅಣು ವಿದ್ಯುತ್ ಸ್ಥಾವರವೊಂದರಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ಬಾಗಿಲ ಬಳಿಯ ವಿಕಿರಣ ತಪಾಸಣೆಯಲ್ಲಿ ಸಿಕ್ಕಿಬಿದ್ದರು. ಸ್ಥಾವರದ ಸೋರಿಕೆ ಅಂತ ಎಲ್ಲರೂ ಹುಡುಕಿದರು. ಆ ಸ್ಥಾವರ ಇನ್ನೂ ವಿದ್ಯುತ್ ತಯಾರಿಸಲು ಶುರುವೇ ಮಾಡಿರಲಿಲ್ಲ. ಅವರು ವಿಕಿರಣವನ್ನು ಮನೆಯಿಂದ ಮೈಮೇಲೆ ಹೊತ್ತು ತರುತ್ತಿದ್ದರು. ಅವರ ಮನೆಯ ಗಾಳಿ ಅಳೆದರೆ ಸುಮಾರು 1 ಲಕ್ಷ ಬೆಕರೆಲ್! ಅಂಥ ಮನೆಯನ್ನೂ ಪೈಪ್ ಹಾಕಿ ಸರಿ ಮಾಡಿದರು.

ಸರಿ ಮಾಡುವುದು ನನ್ನ ಕಸುಬು, ಅದನ್ನು ಹೇಳುವ ಹಕ್ಕು ನನಗಿದೆ. ಹೊಸ ಮನೆಗಾದರೆ ಬಹಳ ಸುಲಭ. ಪಾಯ ತುಂಬಿ ಗೆದ್ದಲಿನ ಔಷಧಿ ಹೊಡೆಯುತ್ತೇವಲ್ಲ, ಅದಾದ ಮೇಲೆ ನಾಲ್ಕು ಇಂಚು ಜಲ್ಲಿ ಹರಡಬೇಕು. ಜಲ್ಲಿಯೊಳಗೆ ನಾಲ್ಕು ಇಂಚಿನ ಪಿವಿಸಿ ಪೈಪಿನ ಬಾಯಿ ಇಟ್ಟು ಮಾಡಿನ ಮೇಲಕ್ಕೆ ಒಯ್ಯಬೇಕು. ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕಾಂಕ್ರೀಟ್. ಗೋಡೆ ನೆಲ ಸೇರುವ ಸಂದು ಬಿಗಿಯಾಗಿ ಮುಚ್ಚಬೇಕು. ಆಮೇಲೆ ಅಳತೆ ಜಾಸ್ತಿ ಬಂದರೆ ಆ ಪೈಪಿಗೆ ಫ್ಯಾನ್ ಸೇರಿಸಿದರಾಯಿತು. ಇಡೀ ಮನೆಯ ಖರ್ಚಿನಲ್ಲಿ ಇದು ಒಂದು ಬಾಗಿಲಿನ ದುಡ್ಡೂ ಅಲ್ಲ. ಧರೆ ಮತ್ತು ಹಿಂದಿನ ಗೋಡೆಯ ನಡುವೆ ಎರಡು ಅಡಿ ಗಾಳಿ ಆಡುವ ಜಾಗ ಬಿಟ್ಟರೆ ಇನ್ನೂ ಒಳ್ಳೆಯದು. ಧರೆ ಜರಿಯುವ ಭಯಕ್ಕೂ ಅದು ಒಳ್ಳೆಯದೇ. ಪಂಚಾಯಿತಿಯಲ್ಲಿ ಲೈಸೆನ್ಸ್ ಕೊಡುವಾಗ ನಕ್ಷೆಯಲ್ಲಿ ಈ ಪೈಪ್, ಈ ಎರಡು ಅಡಿ ಜಾಗ, ಎರಡನ್ನೂ ಕಡ್ಡಾಯ ಮಾಡಿ. ಗಿರಾಕಿಗೆ ನಾನು ಹೇಳಿದರೆ ‘ದುಡ್ಡು ಹೊಡೆಯೋಕೆ ಹೊಸ ದಾರಿ’ ಅನ್ನುತ್ತಾರೆ. ತಾವು ಹೇಳಿದರೆ ಗೊಣಗಿಕೊಂಡಾದರೂ ಮಾಡಿಸುತ್ತಾರೆ.

ಹಳೆ ಮನೆಯಲ್ಲಿ ಕೆಲಸ ಸ್ವಲ್ಪ ಜಾಸ್ತಿ. ನೆಲ ಕೊರೆದು ಪೈಪ್ ಇಳಿಸಬೇಕು. ನಮ್ಮ ಹಿಂದಿನ ಕೋಣೆಯಲ್ಲಿ ಅದನ್ನೇ ಮಾಡಬೇಕು ಅಂತ ಪೈಪ್, ಫ್ಯಾನ್ ತಂದಿಟ್ಟಿದ್ದೇನೆ. ಆದರೆ ಹಾಕಿಲ್ಲ. ತಮ್ಮ ಡಬ್ಬಿ ಬರಲಿ, ಪೈಪ್ ಹಾಕುವ ಮೊದಲು ಒಂದು ಮಳೆಗಾಲ, ಹಾಕಿದ ಮೇಲೆ ಒಂದು ಮಳೆಗಾಲ ಅಳೆದರೆ ಉಳಿದವರಿಗೂ ತೋರಿಸಬಹುದು ಅಂತ ಕಾಯುತ್ತಿದ್ದೇನೆ. ಮೇ ಕೊನೆಯೊಳಗೆ ಬಂದರೆ ಅನುಕೂಲ. ಕೋಣೆ ಖಾಲಿ ಇದೆ. ಅಪ್ಪ ಈಗ ಮುಂದಿನ ಹಾಲ್‌ನಲ್ಲಿ ಮಲಗುತ್ತಾರೆ. ಥಂಡಿ ಅಂತ ದಿನಾ ಬೆಳಿಗ್ಗೆ ನನಗೆ ಬೈಗುಳ.

ಇಂತಿ ತಮ್ಮ ವಿಶ್ವಾಸಿ,
ಮೂಡಿಗೆರೆ ತಾಲ್ಲೂಕಿನ ಒಬ್ಬ ಕಟ್ಟಡ ಗುತ್ತಿಗೆದಾರ